ಕ್ಯಾಮ್ಡನ್ ಪಾರ್ಕ್ ಫಾರ್ಮು, ಗುಡ್ಡದ ಮೇಲಿನ ಮನೆತನದ ಸಮಾಧಿಗಳು: ಇದಕ್ಕೆ ಇಷ್ಟೊಂದು ಬೆಲೆ ಯಾಕೆ?

ತಿಪಟೂರು ಟು ಓರನ್ ಪಾರ್ಕ್

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದದ ಪೋಸ್ಟು, ಕಾಫಿ ಇಟ್ಟುಕೊಂಡು ಓದಿ.

ನಾವಿರೋದು ಸಿಡ್ನಿಯ ನೈಋತ್ಯ ಮೂಲೆಯಲ್ಲಿ. ಸಿಟಿಯಿಂದ 60 ಕಿಲೋಮೀಟರ್ ಹತ್ತಿರ ಹತ್ತಿರ. ಹತ್ತು ವರ್ಷದ ಹಿಂದೆ ಇಲ್ಲಿ ದನ ಮೇಯುತ್ತಿದ್ದವು, ಈಗ ಮನೆ ಮೇಲೆ ಮನೆ. ಅಪ್ಪ ಊರಿಂದ ಬಂದು ಎರಡು ತಿಂಗಳಾಯಿತು. ಒಪೆರಾ ಹೌಸ್ ತೋರಿಸಿದೆ, "ಚೆನ್ನಾಗಿದೆ" ಅಂದರು, ಅಷ್ಟೇ. ಬ್ರಿಡ್ಜ್ ತೋರಿಸಿದೆ, ಕಾಲು ನೋವು ಅಂದರು. ಅವರಿಗೆ ಇಷ್ಟವಾಗಿದ್ದು ಒಂದೇ ಜಾಗ, ನಮ್ಮ ಮನೆಯಿಂದ ಸ್ವಲ್ಪ ದೂರ ಇರುವ ಬೆಲ್ಗೆನ್ನಿ ಫಾರ್ಮ್. ಹಳೇ ಕೊಟ್ಟಿಗೆ, ಕುದುರೆ ಲಾಯ, ಕಮ್ಮಾರನ ಕೆಲಸದ ಮನೆ, ಬಡಗಿ ಶೆಡ್ಡು. ಮರದ ದಿಮ್ಮಿ ಸೀಳಿ ಸಾಲಾಗಿ ನಿಲ್ಲಿಸಿದ ಗೋಡೆ. ಅಪ್ಪ ಆ ಗೋಡೆ ಮೇಲೆ ಕೈಯಾಡಿಸಿ, ಸಂದಿಯಲ್ಲಿ ಬೆರಳು ತೂರಿಸಿ, "ಬಾಚಿಯಲ್ಲಿ ಕೆತ್ತಿದ್ದಾರೆ ನೋಡು, ಗರಗಸ ಅಲ್ಲ" ಅಂದರು. ಅರ್ಧ ಗಂಟೆ ಅಲ್ಲೇ ನಿಂತಿದ್ದರು.

ಆಸ್ಟ್ರೇಲಿಯಾದಲ್ಲಿ ಉಳಿದಿರುವ ಹಳೇ ಕಾಲದ ಫಾರ್ಮ್ ಕಟ್ಟಡಗಳ ಗುಂಪಿನಲ್ಲಿ ಇದು ತುಂಬಾ ಹಳೆಯದು ಅಂತಾರೆ. ಜಾನ್ ಮೆಕಾರ್ಥರ್, ಎಲಿಜಬೆತ್ ಮೆಕಾರ್ಥರ್ ದಂಪತಿಯ ಕ್ಯಾಮ್ಡನ್ ಪಾರ್ಕ್ ಎಸ್ಟೇಟಿನ ಭಾಗ. 1805ರಲ್ಲಿ ಲಾರ್ಡ್ ಕ್ಯಾಮ್ಡನ್ ಅನ್ನೋ ಇಂಗ್ಲೆಂಡಿನ ಮಂತ್ರಿ 5000 ಎಕರೆ ಕೊಡಿಸಿದ. ಎಸ್ಟೇಟಿಗೆ ಅವನ ಹೆಸರೇ ಇಟ್ಟರು.

ಎಸ್ಟೇಟಿನ ದೊಡ್ಡ ಮನೆಯಲ್ಲಿ ಇವತ್ತಿಗೂ ಅದೇ ವಂಶದವರು ವಾಸ ಇದ್ದಾರೆ. ವರ್ಷಕ್ಕೆ ಒಂದೇ ವಾರಾಂತ್ಯ, ಸೆಪ್ಟೆಂಬರಿನಲ್ಲಿ, ಜನರಿಗೆ ಬಾಗಿಲು ತೆಗೀತಾರೆ. ಮೊನ್ನೆ ಹೋದೆವು. ಮನೆ ನೋಡಿದೆವು, ತೋಟ ನೋಡಿದೆವು, ಆಮೇಲೆ ಮನೆತನದ ಸಮಾಧಿ ಇರುವ ಗುಡ್ಡಕ್ಕೆ ಹೋದೆವು. ಜಾನ್ 1834ರಲ್ಲಿ ಸತ್ತ, ಅಲ್ಲೇ ಮಣ್ಣು ಮಾಡಿದರು. ಎಲಿಜಬೆತ್ 1850ರಲ್ಲಿ. ಆಮೇಲಿನ ತಲೆಮಾರಿನವರೂ ಅಲ್ಲಿದ್ದಾರೆ.

ಅಪ್ಪ ಚಪ್ಪಲಿ ಬಿಟ್ಟರು. ನಾನು "ಬೇಡ ಅಪ್ಪಾ, ಇಲ್ಲಿ ಯಾರೂ ಬಿಡಲ್ಲ" ಅಂದೆ. ಕೇಳಲಿಲ್ಲ. ಸ್ವಲ್ಪ ಹೊತ್ತು ನಿಂತು ಕೇಳಿದರು: "ಸುತ್ತ ಜಮೀನು ಇಷ್ಟೊಂದು ಮಾರಿಹೋಗಿದೆ, ಸಮಾಧಿ ಹೆಂಗೆ ಉಳೀತು?"

ನನಗೆ ಉತ್ತರ ಗೊತ್ತಿರಲಿಲ್ಲ. ಈ ಪ್ರಶ್ನೆ ಯಾಕೆ ಬಂತು ಅಂತ ಮಾತ್ರ ಗೊತ್ತು, ಅದನ್ನ ಆಮೇಲೆ ಹೇಳ್ತೀನಿ. ಸದ್ಯಕ್ಕೆ ನಿಮ್ಮನ್ನ ಕೇಳೋದು ಇಷ್ಟೇ. ಒಂದು ಶ್ರೀಮಂತ ಕುಟುಂಬದ ಕುರಿ ಫಾರ್ಮು, ಅವರದ್ದೇ ಸ್ಮಶಾನ. ಇದನ್ನ ಸರ್ಕಾರ ಪಾರಂಪರಿಕ ಪಟ್ಟಿಗೆ ಸೇರಿಸಿ ಕಾಪಾಡೋದು ಸರೀನಾ? ಏನಿದೆ ಅದರಲ್ಲಿ?

ಹಂಚಿನ ಮನೆ

ಏನೂ ಇಲ್ಲ. ಇನ್ನೂರು ವರ್ಷದ ಕೊಟ್ಟಿಗೆಗೆ ಬೋರ್ಡು, ಟಿಕೆಟ್ಟು. ನಮ್ಮೂರ ಕಲ್ಯಾಣಿ ಕಟ್ಟಿ ಐನೂರು ವರ್ಷ ಆಗಿರಬೇಕು, ಅದರಲ್ಲಿ ಈಗ ಬಟ್ಟೆ ಒಗೀತಾರೆ 😀

ಜಾಲಹಳ್ಳಿ ಜಂಗಮ

ಇದು ಜಪಾನ್ ಯುದ್ಧದಲ್ಲಿದ್ದ ಜನರಲ್ ಮೆಕಾರ್ಥರ್ ಮನೆತನವಾ?

ತಿಪಟೂರು ಟು ಓರನ್ ಪಾರ್ಕ್

@ಜಾಲಹಳ್ಳಿ ಜಂಗಮ ಅಲ್ಲ ಗುರುಗಳೇ, ಅವನು ಅಮೆರಿಕದವನು. ಇವನು ಸೈನ್ಯದಲ್ಲಿದ್ದು ಆಮೇಲೆ ಕುರಿ ಸಾಕಿದವನು. ಇವನಿಗೂ ಜಗಳ ಅಂದರೆ ಪ್ರಾಣ, ಅದೊಂದು ಹೋಲಿಕೆ ಇದೆ.

ಪ್ಯಾರಮಟ್ಟ ಪುಟ್ಟಿ

ನಾನು ಹಳೇ ಕಟ್ಟಡಗಳ ರಿಪೇರಿ ಕೆಲಸದಲ್ಲಿ ಇರೋಳು, ಹಾಗಾಗಿ ಸ್ವಲ್ಪ ಬಾಯಿ ಹಾಕ್ತೀನಿ.

@ಹಂಚಿನ ಮನೆ ಸರ್, ವಯಸ್ಸು ನೋಡಿ ಪರಂಪರೆ ಅಳೆಯೋದಾದರೆ ಸುಮ್ನೆ ಬೆಟ್ಟದ ಬಂಡೆಗೆ ಬೋರ್ಡು ಹಾಕಬೇಕು. ಆಸ್ಟ್ರೇಲಿಯಾದಲ್ಲಿ ಬರ್ರಾ ಚಾರ್ಟರ್ ಅಂತ ಒಂದು ಕಟ್ಟಳೆ ಇದೆ, 1979ರದ್ದು. ದಕ್ಷಿಣ ಆಸ್ಟ್ರೇಲಿಯಾದ ಬರ್ರಾ ಅನ್ನೋ ಹಳೇ ತಾಮ್ರದ ಗಣಿ ಊರಲ್ಲಿ ಒಪ್ಪಿಕೊಂಡಿದ್ದು, ಅದಕ್ಕೇ ಆ ಹೆಸರು. ಅದರ ಪ್ರಕಾರ ಮೊದಲು ಕೇಳಬೇಕಾದ್ದು "ಈ ಜಾಗ ಯಾರಿಗೆ, ಯಾಕೆ ಮುಖ್ಯ?" ಅಂತ. ಅಂದ ಇರಬಹುದು, ಇತಿಹಾಸ ಇರಬಹುದು, ಮುಂದೆ ಅಗೆದು ತಿಳಿದುಕೊಳ್ಳೋದು ಇರಬಹುದು, ಜನರ ಭಾವನೆ ಇರಬಹುದು. ಉತ್ತರ ಸಿಕ್ಕ ಮೇಲೇ ಏನು ಉಳಿಸಬೇಕು ಅನ್ನೋ ತೀರ್ಮಾನ. ನ್ಯೂ ಸೌತ್ ವೇಲ್ಸ್‌ನಲ್ಲಿ ಪರಂಪರೆ ಕಾಯ್ದೆ ಬಂದಿದ್ದು 1977ರಲ್ಲಿ.

ಕ್ಯಾಮ್ಡನ್ ಪಾರ್ಕಿನ ವಿಶೇಷ ಅಂದರೆ ಎಲ್ಲಾ ಒಂದೇ ಕಡೆ ಸಿಗುತ್ತೆ. ಯಜಮಾನರ ಮನೆ ಒಂದು ಕಡೆ, ಕೆಲಸದ ಅಂಗಳ ಇನ್ನೊಂದು ಕಡೆ, ಸಮಾಧಿ ಗುಡ್ಡ, ಹೊಳೆ ಪಕ್ಕದ ಬಯಲು. ದೊಡ್ಡ ಮನೆ ಜಾನ್ ವರ್ಜ್ ಅನ್ನೋ ವಾಸ್ತುಶಿಲ್ಪಿ ಮಾಡಿದ್ದು, 1835ರ ಹೊತ್ತಿಗೆ ಮುಗೀತು. ಜಾನ್ ಮೆಕಾರ್ಥರ್ ಅಷ್ಟರಲ್ಲಿ ಹೋಗಿಬಿಟ್ಟಿದ್ದ. ಮನೆ ಕಡೆಯಿಂದ ನೋಡಿದರೆ ದೂರದಲ್ಲಿ ಕ್ಯಾಮ್ಡನ್ ಊರಿನ ಸೇಂಟ್ ಜಾನ್ಸ್ ಚರ್ಚಿನ ಗೋಪುರ ಕಾಣುತ್ತೆ. ಆ ಚರ್ಚು ಕಟ್ಟಿಸೋಕೆ ದುಡ್ಡು ಕೊಟ್ಟಿದ್ದು ಈ ಮನೆತನದವರೇ. ಆ ನೋಟದ ನಡುವೆ ಈಗ ಎತ್ತರದ ಕಟ್ಟಡ ಬಂದರೆ ಇಟ್ಟಿಗೆ ಒಂದೂ ಬೀಳಲ್ಲ, ಆದರೆ ಜಾಗ ಹಾಳಾಗುತ್ತೆ. ಇದು ನಮ್ಮವರಿಗೆ ಹೊಸದೇನಲ್ಲ. ಗುಡಿ ಬಾಗಿಲಿಗೆ ಅಡ್ಡ ಯಾರೂ ಮನೆ ಕಟ್ಟಲ್ಲ, ಅಲ್ವಾ?

ಆದರೆ ನನ್ನ ಮಟ್ಟಿಗೆ ದೊಡ್ಡ ಮನೆಗಿಂತ ನಿಮ್ಮ ಅಪ್ಪ ಮುಟ್ಟಿದ ಕೊಟ್ಟಿಗೆ ಗೋಡೆ ಮುಖ್ಯ. ಬಂಗಲೆಗಳು ಎಲ್ಲಾ ಕಡೆ ಉಳಿಯುತ್ತವೆ, ಯಾರಾದರೂ ಒಬ್ಬ ದುಡ್ಡಿನವನು ಕೊಂಡುಕೊಳ್ತಾನೆ. ಕೊಟ್ಟಿಗೆ ಯಾರು ಉಳಿಸ್ತಾರೆ? ಗೆದ್ದಲು, ಬೆಂಕಿ, ಹೊಸ ತಗಡಿನ ಶೆಡ್ಡು, ಮುಗೀತು ಕತೆ.

ಚಳ್ಳಕೆರೆ ಕಂಬಳಿ

ಕುರಿ ವಿಷಯ ಬಂದ ಮೇಲೆ ನಾನು ಸುಮ್ನೆ ಇರೋಕಾಗುತ್ತಾ. ನಮ್ಮ ಮನೆಯಲ್ಲಿ ಮೂರು ತಲೆಮಾರು ಕುರಿ. ಅಜ್ಜಿ ಕೈಯಲ್ಲಿ ನೂಲು ತೆಗೀತಿದ್ದಳು, ಅಜ್ಜ ಗುಂಡಿ ಮಗ್ಗದಲ್ಲಿ ಕೂರ್ತಿದ್ದ, ಹುಣಸೆ ಬೀಜದ ಗಂಜಿ ಹಾಕಿದ ಕಂಬಳಿ ವಾಸನೆ ಈಗಲೂ ಮೂಗಿನಲ್ಲಿದೆ. ನಮ್ಮ ಡೆಕ್ಕನಿ ಕುರಿ ಉಣ್ಣೆ ಕಪ್ಪು, ಒರಟು, ಮಳೆಗೆ ಬಗ್ಗಲ್ಲ. ಮೆರಿನೋ ಅನ್ನೋ ತಳಿ ಕುರಿಯ ಉಣ್ಣೆ ಬೆಣ್ಣೆ ಇದ್ದ ಹಾಗೆ.

ಈ ಮೆಕಾರ್ಥರ್ ಕತೇಲಿ ಎಲ್ಲರೂ ಮೆರಿನೋ ಮೆರಿನೋ ಅಂತಾರೆ. ಶುರುವಾಗಿದ್ದು ನಮ್ಮ ಕಡೆ ಕುರಿಯಿಂದ ಸ್ವಾಮಿ. 1794ರಲ್ಲಿ ಕಲ್ಕತ್ತಾದಿಂದ ಬಂದ ಹಡಗಿನಿಂದ 60 ಬಂಗಾಳದ ಕುರಿ, ಮರಿ ಸೇರಿ, ಕೊಂಡುಕೊಂಡ. ಅದಕ್ಕೆ ಐರ್ಲೆಂಡಿನ ಕುರಿ ಸೇರಿಸಿ ಮರಿ ಮಾಡಿಸಿದ. ಬಂಗಾಳದ್ದು ಬರೀ ಕೂದಲು, ಹುಟ್ಟಿದ ಮರಿಯಲ್ಲಿ ಕೂದಲು ಉಣ್ಣೆ ಎರಡೂ ಬಂತು. ಆಗ ಹೊಳೀತು ಅವನಿಗೆ, ಈ ನೆಲಕ್ಕೆ ಉಣ್ಣೆ ಒಗ್ಗುತ್ತೆ ಅಂತ. ಇದನ್ನ ಅವನೇ ಬರೆದಿಟ್ಟಿದ್ದಾನೆ.

ಮೆರಿನೋ ಬಂದಿದ್ದು 1797ರಲ್ಲಿ, ಆಫ್ರಿಕಾದ ಕೇಪ್‌ನಿಂದ. ಅದನ್ನ ತಂದವನೂ ಇವನಲ್ಲ, ಇಬ್ಬರು ನೌಕಾಪಡೆ ಕ್ಯಾಪ್ಟನ್‌ಗಳು. ಇವನು ಅವರಿಂದ ಕೆಲವು ಕೊಂಡ. ಬೇರೆಯವರೂ ಕೊಂಡರು. ಆದರೆ ಇವನು ಬೆರಕೆ ಆಗದ ಹಾಗೆ ತಳಿ ಕಾಪಾಡಿದ, ಲಂಡನ್ನಿನಲ್ಲಿ ಮಾರ್ಕೆಟ್ ಮಾಡಿದ. 1805ರಲ್ಲಿ ವಾಪಸ್ ಬರುವಾಗ ರಾಜನ ಹಿಂಡಿನ ಮೆರಿನೋ ತಂದ. 1822ರಲ್ಲಿ ಲಂಡನ್ನಿನಲ್ಲಿ ಉಣ್ಣೆಗೆ ಚಿನ್ನದ ಪದಕ ಸಿಕ್ಕಿತು. 1966ರಲ್ಲಿ ಆಸ್ಟ್ರೇಲಿಯಾ ಡಾಲರ್ ನೋಟು ತಂದಾಗ ಎರಡು ಡಾಲರ್ ನೋಟಿನ ಮೇಲೆ ಇವನ ಮುಖ, ಪಕ್ಕದಲ್ಲಿ ಟಗರು. ಟಗರಿನ ಮುಖ ಇವನಿಗಿಂತ ಚೆನ್ನಾಗಿತ್ತು.

ಪ್ಯಾರಮಟ್ಟ ಪುಟ್ಟಿ

@ಚಳ್ಳಕೆರೆ ಕಂಬಳಿ ಅಣ್ಣಾ ಎಲ್ಲಾ ಸರಿ. ಆದರೆ "ಇವನು ತಳಿ ಕಾಪಾಡಿದ" ಅಂದ್ರಲ್ಲ, ಅಲ್ಲಿ ತಡೀರಿ.

1801ರಲ್ಲಿ ಇವನು ತನ್ನ ಮೇಲಧಿಕಾರಿ ಜೊತೆ ದ್ವಂದ್ವಯುದ್ಧ ಮಾಡಿ ಗುಂಡು ಹೊಡೆದ, ಇಂಗ್ಲೆಂಡಿಗೆ ಕಳಿಸಿದರು. ಬಂದಿದ್ದು 1805ಕ್ಕೆ. ಜನವರಿ 26, 1808ರಂದು ಗವರ್ನರ್ ಬ್ಲೈ ವಿರುದ್ಧ ಸೈನಿಕರ ದಂಗೆ, ಅದರ ಹಿಂದೆ ಇವನು. 1809ರಲ್ಲಿ ಮತ್ತೆ ಇಂಗ್ಲೆಂಡಿಗೆ. ಈ ಸಲ ವಾಪಸ್ ಬರೋಕೆ 1817 ಆಯಿತು. ಒಟ್ಟು ಹನ್ನೆರಡು ವರ್ಷ ಆಸಾಮಿ ಊರಲ್ಲೇ ಇಲ್ಲ! ಆಗ ಕುರಿ ಯಾರು ನೋಡಿಕೊಂಡರು? ಯಾವ ಟಗರು ಯಾವ ಹಿಂಡಿಗೆ, ಯಾವುದನ್ನ ಮಾರಬೇಕು, ಕತ್ತರಿಸಿದ ಉಣ್ಣೆ ಹಡಗಿಗೆ ಹೇಗೆ ತಲುಪಬೇಕು, ಕೆಲಸದವರಿಗೆ ಧಾನ್ಯ ಎಷ್ಟು, ಇದೆಲ್ಲಾ ಎಲಿಜಬೆತ್. ಇಂಗ್ಲೆಂಡಿನ ಡೆವನ್ ಕಡೆಯ ರೈತನ ಮಗಳು. 1790ರಲ್ಲಿ ಕೈಗೂಸು ಎತ್ತಿಕೊಂಡು ಹಡಗಿನಲ್ಲಿ ಬಂದೋಳು ಮತ್ತೆ ಜನ್ಮದಲ್ಲಿ ತವರು ನೋಡಲಿಲ್ಲ. ಅವನು ಗಂಡುಮಕ್ಕಳನ್ನ ಕರೆದುಕೊಂಡು ಲಂಡನ್ನಿನಲ್ಲಿ ಕೂತ, ಇವಳು ಹೆಣ್ಣುಮಕ್ಕಳನ್ನ ಕಟ್ಟಿಕೊಂಡು ಇಲ್ಲಿ ಫಾರ್ಮು ನಡೆಸಿದಳು.

ನೋಟಿನ ಮೇಲೆ ಯಾರ ಮುಖ ಬಂತು? ಸರಿ ಬಿಡಿ.

ಇವರ ಮೊದಲ ಮನೆ ಎಲಿಜಬೆತ್ ಫಾರ್ಮ್ ನಮ್ಮ ಪ್ಯಾರಮಟ್ಟ ಪಕ್ಕ ರೋಸ್‌ಹಿಲ್‌ನಲ್ಲಿದೆ, 1793ರದ್ದು. ಯುರೋಪಿನವರು ಕಟ್ಟಿದ ಮನೆಗಳಲ್ಲಿ ಈ ದೇಶದಲ್ಲಿ ಉಳಿದಿರೋ ಅತ್ಯಂತ ಹಳೆಯದು. 1904ರಲ್ಲಿ ಸ್ವಾನ್ ಅನ್ನೋ ಕುಟುಂಬದವರು ಕೊಂಡಾಗ ಅದು ಬೀಳೋ ಸ್ಥಿತಿಯಲ್ಲಿತ್ತು. ಅವರು ಅಲ್ಲೇ ಇದ್ದು 1968ರ ತನಕ ಉಳಿಸಿಕೊಂಡರು. ಈಗ ಮ್ಯೂಸಿಯಂ, ಆದರೆ ಹಗ್ಗ ಕಟ್ಟಿ "ಮುಟ್ಟಬೇಡಿ" ಅನ್ನಲ್ಲ, ಕುರ್ಚಿ ಮೇಲೆ ಕೂರಬಹುದು. ಅಪ್ಪನ್ನ ಕರೆದುಕೊಂಡು ಬನ್ನಿ. ಅಂಗಳದಲ್ಲಿ 1805ರದ್ದು ಅನ್ನೋ ಆಲಿವ್ ಮರ ಇದೆ, ಅದನ್ನೂ ಮುಟ್ಟಲಿ.

ಜಾಲಹಳ್ಳಿ ಜಂಗಮ

ಮೇಡಂ ಬರೆದಿದ್ದು ಓದಿ ಖುಷಿ ಆಯ್ತು. ನಮ್ಮ ದೊಡ್ಡಮ್ಮನೂ ಹೀಗೇ. ದೊಡ್ಡಪ್ಪ ರಾಜಕೀಯ ಅಂತ ತಿರುಗುತ್ತಿದ್ದರು, ಅಡಿಕೆ ತೋಟ ಅವರೇ ನಡೆಸಿದ್ದು. ಪಹಣಿಯಲ್ಲಿ ಅವರ ಹೆಸರು ಬಂದಿದ್ದು ಗಂಡ ಹೋದ ಮೇಲೆ.

ತಿಪಟೂರು ಟು ಓರನ್ ಪಾರ್ಕ್

ಅಯ್ಯೋ ಇದು ಗೊತ್ತೇ ಇರಲಿಲ್ಲ ನೋಡಿ. ಗುಡ್ಡದ ಮೇಲೆ ಇಬ್ಬರೂ ಒಟ್ಟಿಗೆ ಇದ್ದಾರಲ್ಲ ಅಂತ ನಾನು ಮತ್ತು ಅಪ್ಪ "ಅನ್ಯೋನ್ಯ ದಂಪತಿ" ಅಂದುಕೊಂಡು ಬಂದೆವು.

ಪ್ಯಾರಮಟ್ಟ ಪುಟ್ಟಿ

ಪ್ರೀತಿ ಇತ್ತು, ಅವರಿಬ್ಬರ ಪತ್ರ ನೋಡಿದರೆ ಗೊತ್ತಾಗುತ್ತೆ. ಆದರೆ ಕೊನೆಗಾಲದಲ್ಲಿ ಅವನಿಗೆ ಬುದ್ಧಿ ಸ್ಥಿಮಿತ ತಪ್ಪಿತು. ಹೆಂಡತಿ ಮೇಲೇ ಅನುಮಾನ ಪಟ್ಟು ಮನೆಯಿಂದ ಹೊರಗೆ ಹಾಕಿದ. ಆಮೇಲೆ ಅವನನ್ನ ಕ್ಯಾಮ್ಡನ್‌ಗೆ ಕಳಿಸಿದರು, ಇವಳು ಬೇರೆ ಕಡೆ. ಅವನು ಸತ್ತ ಹದಿನಾರು ವರ್ಷಕ್ಕೆ ಇವಳು ಆ ಗುಡ್ಡಕ್ಕೆ ಬಂದಳು. ಸಮಾಧಿ ಕಲ್ಲು ಇಬ್ಬರ ಹೆಸರು ಹೇಳುತ್ತೆ, ಈ ಕತೆ ಹೇಳಲ್ಲ.

ಅರಳೀಕಟ್ಟೆ

ಎಲ್ಲರೂ ಕುರಿ, ಉಣ್ಣೆ, ಗಂಡ ಹೆಂಡತಿ ಅಂತ ಚೆನ್ನಾಗಿ ಮಾತಾಡ್ತಾ ಇದ್ದೀರಿ. ಒಂದು ಸಣ್ಣ ಪ್ರಶ್ನೆ. ಆ 5000 ಎಕರೆ ಲಾರ್ಡ್ ಕ್ಯಾಮ್ಡನ್ ಅಪ್ಪನ ಮನೆಯದಾ?

ಅದು ಧಾರಾವಲ್, ಗುಂಡುಂಗುರ್ರಾ ಅನ್ನೋ ಮೂಲನಿವಾಸಿ ಜನರ ನೆಲ. "ಬೆಲ್ಗೆನ್ನಿ" ಅನ್ನೋ ಹೆಸರೇ ಇಂಗ್ಲಿಷಿನದಲ್ಲ. ಹೆಸರು ಇಟ್ಟುಕೊಂಡರು, ನೆಲ ತೆಗೆದುಕೊಂಡರು.

1814ರಿಂದ 16ರ ತನಕ ಬರ. ಮೆಕ್ಕೆಜೋಳದ ಹೊಲಕ್ಕೆ ಮೂಲನಿವಾಸಿಗಳು ನುಗ್ಗೋದು, ಇವರು ಗುಂಡು ಹೊಡೆಯೋದು, ಅವರು ತಿರುಗಿ ಈಟಿ ಎಸೆಯೋದು. ಎರಡೂ ಕಡೆ ಹೆಣ ಬಿತ್ತು. ಕೊನೆಗೆ ಗವರ್ನರ್ ಮೆಕ್ವಾರಿ ಸೈನ್ಯ ಕಳಿಸಿದ. 1816ರ ಏಪ್ರಿಲ್ 17, ಆಪಿನ್ ಹತ್ತಿರ, ನಡುರಾತ್ರಿ. ಕ್ಯಾಪ್ಟನ್ ವಾಲಿಸ್‌ನ ಸೈನಿಕರು ಮೂಲನಿವಾಸಿಗಳ ಮೇಲೆ ಬಿದ್ದರು. ಗುಂಡಿಗೆ ಸಿಕ್ಕವರು ಕೆಲವರು, ಕಟಾರಾಕ್ಟ್ ಹೊಳೆಯ ಕಮರಿಗೆ ಬಿದ್ದವರು ಇನ್ನು ಕೆಲವರು. ಹೆಂಗಸರು, ಮಕ್ಕಳು ಸೇರಿ ಕಮ್ಮಿ ಅಂದರೂ 14 ಜನ. ಅದು ಬರೀ ಲೆಕ್ಕಕ್ಕೆ ಸಿಕ್ಕಿದ್ದು.

ಆಪಿನ್ ಕ್ಯಾಮ್ಡನ್ ಪಾರ್ಕಿನಿಂದ ಎಷ್ಟು ದೂರ? ಕಾರಿನಲ್ಲಿ ಅರ್ಧ ಗಂಟೆ. ಅವರ ಸಮಾಧಿ ಯಾವ ಗುಡ್ಡದ ಮೇಲಿದೆ? ಯಾವ ಕಬ್ಬಿಣದ ಬೇಲಿ ಇದೆ?

ಹಾಗಾಗಿ "ಮೊದಲಿಗರ ಫಾರ್ಮು", "ಕಾಡು ಕಡಿದು ನಾಡು ಕಟ್ಟಿದವರು" ಅನ್ನೋ ಮಾತು ಕೇಳಿದರೆ ನನಗೆ ಮೈ ಉರಿಯುತ್ತೆ. ಅಲ್ಲಿ ಮೊದಲೇ ಜನ ಇದ್ದರು.

ಹಂಚಿನ ಮನೆ

ಹೌದು. ನಾನು ಶುರುವಲ್ಲಿ ತಮಾಷೆ ಮಾಡಿದೆ. ಇದು ಗೊತ್ತಿರಲಿಲ್ಲ.

ಜಾಲಹಳ್ಳಿ ಜಂಗಮ

ಇನ್ನೂರು ವರ್ಷದ ಹಿಂದಿನದನ್ನ ಈಗ ಕೆದಕಿ ಏನು ಪ್ರಯೋಜನ? ಅವರ ಮಕ್ಕಳು ಮರಿಮಕ್ಕಳು ಏನು ಮಾಡಬೇಕು ಪಾಪ.

ಅರಳೀಕಟ್ಟೆ

@ಜಾಲಹಳ್ಳಿ ಜಂಗಮ ಇನ್ನೂರು ವರ್ಷದ ಕೊಟ್ಟಿಗೆ ನೆನಪಿರಬೇಕು, ಇನ್ನೂರು ವರ್ಷದ ಹೆಣ ಮರೀಬೇಕು. ಚೆನ್ನಾಗಿದೆ ಲೆಕ್ಕ.

ಪ್ಯಾರಮಟ್ಟ ಪುಟ್ಟಿ

ಜಗಳ ಬೇಡ, ಪ್ಲೀಸ್. ಅರಳೀಕಟ್ಟೆಯವರು ಹೇಳಿದ್ದು ನಿಜ. ಒಂದು ಮಾತು ಸೇರಿಸ್ತೀನಿ. ಆಪಿನ್ ಹತ್ಯಾಕಾಂಡ ನಡೆದ ಪ್ರದೇಶವನ್ನೂ 2022ರಲ್ಲಿ ರಾಜ್ಯದ ಪರಂಪರೆ ಪಟ್ಟಿಗೆ ಸೇರಿಸಿದರು. ಅಲ್ಲಿ ಕಟ್ಟಡ ಇಲ್ಲ, ಕಲ್ಲಿಲ್ಲ. ಬಯಲು, ಹೊಳೆ, ಕಮರಿ. ಅದೇ ಪಟ್ಟಿಯಲ್ಲಿ ಕ್ಯಾಮ್ಡನ್ ಪಾರ್ಕೂ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೇ ಆ ಸೀಮೆ ಅರ್ಥ ಆಗೋದು. ಫಾರ್ಮು ಕೆಡವಿದರೆ ಆಪಿನ್‌ನವರಿಗೆ ನ್ಯಾಯ ಸಿಗಲ್ಲ, ಬದಲಿಗೆ ನೆಲ ಹೇಗೆ ಕೈ ಬದಲಾಯಿತು ಅನ್ನೋಕೆ ಇರೋ ಒಂದು ಸಾಕ್ಷಿನೂ ಹೋಗುತ್ತೆ. ಆದರೆ ಫಾರ್ಮಿನ ಬೋರ್ಡಿನ ಮೇಲೆ ಬರೀ ಉಣ್ಣೆ, ಪದಕ ಅಂತ ಬರೆದರೆ ಅದು ಅರ್ಧ ಸುಳ್ಳು.

ಇನ್ನೊಂದು ಜಾಗ ಇದೆ, ಇದನ್ನ ತಿಪಟೂರಿನವರು ನೋಡಿಲ್ಲ ಅನ್ಸುತ್ತೆ. 1788ರಲ್ಲಿ ಬ್ರಿಟಿಷರ ಮೊದಲ ಹಡಗುಗಳಲ್ಲಿ ಕೇಪ್‌ನಿಂದ ತಂದ ಬೆರಳೆಣಿಕೆಯಷ್ಟು ದನ ಸಿಡ್ನಿಯಿಂದ ತಪ್ಪಿಸಿಕೊಂಡವು. ಹುಡುಕಿ ಹುಡುಕಿ ಬಿಟ್ಟರು. ಏಳು ವರ್ಷ ಬಿಟ್ಟು 1795ರಲ್ಲಿ ನೋಡಿದರೆ ಈ ಕ್ಯಾಮ್ಡನ್ ಬಯಲಿನಲ್ಲಿ 60ಕ್ಕೂ ಜಾಸ್ತಿ ದನ ಆರಾಮಾಗಿ ಮೇಯುತ್ತಿವೆ! ಅದಕ್ಕೇ ಆ ಸೀಮೆಗೆ ಕೌಪಾಸ್ಚರ್ಸ್ ಅಂತ ಹೆಸರು ಬಂತು. ದನ ಆರಿಸಿದ ಹುಲ್ಲುಗಾವಲು ಅಂತಲೇ ಮೆಕಾರ್ಥರ್ ಕಣ್ಣು ಅದರ ಮೇಲೆ ಬಿದ್ದಿದ್ದು. ಬಿಳಿಯರಿಗಿಂತ ಮುಂಚೆ ಅವರ ದನ ಹೋಗಿ ನೆಲ ಹಿಡಿದಿದ್ದವು.

ಆ ದನಗಳನ್ನ ಮೊದಲು ನೋಡಿದ್ದು ಧಾರಾವಲ್ ಜನ. ಕ್ಯಾಂಪ್‌ಬೆಲ್‌ಟೌನ್ ಕಡೆ ಒಂದು ಬಂಡೆಯ ಕೆಳಗೆ ಅವರು ಬರೆದ ಹೋರಿ ಚಿತ್ರ ಇದೆ, ಬುಲ್ ಕೇವ್ ಅಂತಾರೆ. ದೊಡ್ಡ ಮೈ, ಕೊಂಬಿಲ್ಲ, ಗೊರಸು ಎದ್ದು ಕಾಣೋ ಹಾಗೆ. ಅಲ್ಲಿ ತನಕ ಅವರು ಗೊರಸಿನ ಪ್ರಾಣಿಯನ್ನೇ ನೋಡಿರಲಿಲ್ಲ, ನೆಲದಲ್ಲಿ ಎರಡು ಸೀಳಿನ ಹೆಜ್ಜೆ ಗುರುತು ಬಿದ್ದಿದ್ದು ನೋಡಿ ಏನನಿಸಿರಬೇಕು ಯೋಚಿಸಿ. ಕಿಡಿಗೇಡಿಗಳು ಅದರ ಮೇಲೆ ಬಣ್ಣ ಬಳಿದು ಹಾಳು ಮಾಡಿದ್ದರು, ಆಮೇಲೆ ಕಬ್ಬಿಣದ ಸರಳು ಹಾಕಿದರು. ನನ್ನ ಕೇಳಿದರೆ ಆ ಸೀಮೆಯ ಮೊದಲ ದಾಖಲೆ ಅದೇ. ದಾನಪತ್ರ ಅಲ್ಲ.

ಚಳ್ಳಕೆರೆ ಕಂಬಳಿ

ಮೇಡಂ, ಆ ಗೊರಸಿನ ಮಾತು ಸಿಕ್ಕಾಪಟ್ಟೆ ಹಿಡಿಸಿತು. ಇನ್ನೊಂದು, ಕುರಿ ಕಾದವರು ಯಾರು? ಕೈದಿಗಳು. ಇಂಗ್ಲೆಂಡು, ಐರ್ಲೆಂಡಿನಿಂದ ಶಿಕ್ಷೆಯಾಗಿ ಬಂದವರು. ತಿಂಗಳಾನುಗಟ್ಟಲೆ ಒಬ್ಬನೇ ಹಿಂಡಿನ ಜೊತೆ. ನಮ್ಮಲ್ಲಿ ಕುರಿಗಾರರು ಹಟ್ಟಿ ಕಟ್ಟಿಕೊಂಡು ನಾಲ್ಕು ಜನ ಇರ್ತಾರೆ, ನಾಯಿ ಇರುತ್ತೆ, ಹಾಡು ಇರುತ್ತೆ. ಅವರಿಗೆ ಏನಿತ್ತೋ. ಅವರನ್ನೂ ಆ ಗುಡ್ಡದಲ್ಲಿ ಹೂತಿದ್ದಾರಾ?

ತಿಪಟೂರು ಟು ಓರನ್ ಪಾರ್ಕ್

ಇಲ್ಲ ಅಣ್ಣ. ಅದು ಮನೆತನದವರಿಗೆ ಮಾತ್ರ.

ಗುಂಟೆ ಲೆಕ್ಕ

ಓದುತ್ತಾ ಇದ್ದೆ, ನಾನೂ ಒಂದು ಮಾತು ಹೇಳ್ತೀನಿ. ನಾನು ಕಂದಾಯ ಇಲಾಖೆಯಲ್ಲಿ ಇದ್ದು ರಿಟೈರ್ ಆದವನು. ತಿಪಟೂರಿನವರ ಅಪ್ಪ ಕೇಳಿದ ಪ್ರಶ್ನೆ ಇದೆಯಲ್ಲ, "ಸಮಾಧಿ ಹೆಂಗೆ ಉಳೀತು", ಅದು ಯಾಕೆ ಕೇಳಿದರು ಅಂತ ನನಗೆ ಚೆನ್ನಾಗಿ ಅರ್ಥ ಆಯಿತು.

ನಮ್ಮ ಬಯಲುಸೀಮೆಯಲ್ಲಿ ಎಷ್ಟೋ ಮನೆತನದವರು ಸ್ವಂತ ಹೊಲದಲ್ಲೇ ಮಣ್ಣು ಮಾಡ್ತಾರೆ. ತೋಟದ ಮೂಲೆಯಲ್ಲಿ, ಬದುವಿನ ಪಕ್ಕ, ಹೊಂಗೆ ಮರದ ಕೆಳಗೆ. ಮೂರನೇ ದಿನ ಹಾಲು ತುಪ್ಪ ಬಿಡೋದು ಅಲ್ಲೇ, ಹಬ್ಬಕ್ಕೆ ಎಡೆ ಇಡೋದು ಅಲ್ಲೇ. ಮಾದರಿ ನೋಡಿದರೆ ಕ್ಯಾಮ್ಡನ್ ಪಾರ್ಕೂ ಇದೇ ಅಲ್ವಾ? ಹೊಲ, ಮನೆ, ಸಮಾಧಿ. ಆದರೆ ನಮ್ಮ ಕಾಗದದಲ್ಲಿ ಅದಕ್ಕೆ ಜಾಗ ಇಲ್ಲ. ಊರ ಸ್ಮಶಾನ ಆದರೆ ಬಿ ಖರಾಬು ಅಂತ ಬರುತ್ತೆ, ಸರ್ಕಾರದ ಲೆಕ್ಕದಲ್ಲಿರುತ್ತೆ. ಹೊಲದೊಳಗಿನ ಅಜ್ಜನ ಸಮಾಧಿ ಪಹಣಿ ಕಣ್ಣಿಗೆ ಬರೀ ಹೊಲ. ತಿಳಿದವರು ಕ್ರಯಪತ್ರ ಬರೆಸುವಾಗ "ಇದರ ಪೈಕಿ ಸಮಾಧಿ ಇರುವ ಅರ್ಧ ಗುಂಟೆ, ಅದಕ್ಕೆ ಹೋಗಿಬರುವ ದಾರಿ ಬಿಟ್ಟು" ಅಂತ ಚಕ್ಕುಬಂದಿಯಲ್ಲಿ ಸೇರಿಸ್ತಾರೆ. ತಿಳಿಯದವರು ಬಾಯಿಮಾತಿಗೆ ಬಿಡ್ತಾರೆ. ಬಾಯಿಮಾತು ಎರಡನೇ ಸಲ ಮಾರುವಾಗ ಇರಲ್ಲ.

ಜೆಸಿಬಿ ಹೊಡೆಯೋ ಹುಡುಗನಿಗೆ ಏನು ಗೊತ್ತು ಪಾಪ.

ತಿಪಟೂರು ಟು ಓರನ್ ಪಾರ್ಕ್

ಸರ್, ನೀವು ಅದನ್ನೇ ಹೇಳಿಬಿಟ್ಟಿರಿ.

ನಮ್ಮದು ಎರಡು ಎಕರೆ ರಸ್ತೆ ಪಕ್ಕ ಇತ್ತು. ನನ್ನ ಓದು, ಅಕ್ಕನ ಮದುವೆ, ಅಮ್ಮನ ಆಸ್ಪತ್ರೆ, ಎಲ್ಲಾ ಸೇರಿ ಮಾರಬೇಕಾಯಿತು. ಅಲ್ಲಿ ಅಜ್ಜ, ಅಜ್ಜಿ, ಮತ್ತೆ ಅಪ್ಪನ ತಮ್ಮ, ಹನ್ನೊಂದು ವರ್ಷಕ್ಕೆ ಹಾವು ಕಚ್ಚಿ ಹೋದವನು, ಮೂವರ ಸಮಾಧಿ ಇತ್ತು. ಅಜ್ಜಂದು ಗಾರೆ ಹಾಕಿದ ಕಟ್ಟೆ, ಮೇಲೆ ಒಂದು ಗೂಡು, ದೀಪ ಇಡೋಕೆ. ಚಿಕ್ಕಪ್ಪಂದು ಬರೀ ಒಂದು ಕಲ್ಲು. ಕೊಂಡವರು "ಅದನ್ನ ಮುಟ್ಟಲ್ಲ ಯಜಮಾನರೇ" ಅಂದಿದ್ದರು. ಅವರು ಇನ್ನೊಬ್ಬರಿಗೆ ಮಾರಿದರು, ಅವರು ಸೈಟು ಮಾಡಿದರು. ಅಪ್ಪ ಮಹಾಲಯ ಅಮಾವಾಸ್ಯೆಗೆ ಎಡೆ ತಗೊಂಡು ಹೋದಾಗ ಜಲ್ಲಿ ರಸ್ತೆ ಆಗಿತ್ತು. ಎಲೆ ಹಿಡಿದುಕೊಂಡೇ ವಾಪಸ್ ಬಂದರಂತೆ. ನನಗೆ ಫೋನಿನಲ್ಲಿ ಹೇಳಲೂ ಇಲ್ಲ. ಅಕ್ಕ ಹೇಳಿದ್ದು.

ಅದಕ್ಕೇ ಆ ಗುಡ್ಡದ ಮೇಲೆ ಅವರು ಆ ಪ್ರಶ್ನೆ ಕೇಳಿದಾಗ ನಾನು ಬೇರೆ ಕಡೆ ತಿರುಗಿ ಫೋಟೋ ತೆಗೀತಾ ನಿಂತೆ.

ಹಂಚಿನ ಮನೆ

😔 ಸಾರಿ ಗೆಳೆಯ.

ಅರಳೀಕಟ್ಟೆ

ಇದನ್ನ ಮೊದಲೇ ಬರೆದಿದ್ದರೆ ನಾನು ಅಷ್ಟು ಖಾರವಾಗಿ ಬರೀತಿರಲಿಲ್ಲ. ಹೇಳಿದ್ದು ವಾಪಸ್ ತಗೊಳ್ಳಲ್ಲ, ಆದರೆ ಧಾಟಿ ಬೇರೆ ಇರ್ತಿತ್ತು.

ತಿಪಟೂರು ಟು ಓರನ್ ಪಾರ್ಕ್

ಇಲ್ಲ, ನೀವು ಬರೆದಿದ್ದು ಒಳ್ಳೇದಾಯಿತು. ಅಪ್ಪನಿಗೆ ಆಪಿನ್ ವಿಷಯ ಓದಿ ಹೇಳಿದೆ. ಸುಮಾರು ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಅವರಿಗೂ ಎಡೆ ಇಡೋರು ಇದ್ದಾರೇನೋ ಈಗ?" ಅಂದರು. ಇದ್ದಾರೆ, ಧಾರಾವಲ್ ಜನ ಇದ್ದಾರೆ, ಪ್ರತಿ ಏಪ್ರಿಲ್‌ನಲ್ಲಿ ಅಲ್ಲಿ ಸೇರಿ ನೆನೆಸಿಕೊಳ್ತಾರೆ ಅಂದೆ. "ಸದ್ಯ" ಅಂದರು.

ಗುಂಟೆ ಲೆಕ್ಕ

ಕ್ಯಾಮ್ಡನ್‌ನಲ್ಲಿ ಉಳಿದಿದ್ದು ಹೇಗೆ ಅಂತ ಯಾರಾದರೂ ಸರಿಯಾಗಿ ಹೇಳಿ. ಅವರೇನು ನಮಗಿಂತ ಭಕ್ತಿವಂತರಾ?

ಪ್ಯಾರಮಟ್ಟ ಪುಟ್ಟಿ

ಭಕ್ತಿ ಅಲ್ಲ ಸರ್, ನಾಲ್ಕೈದು ಕಾರಣ ಕೂಡಿಬಂತು ಅಷ್ಟೇ. ವಂಶ ಜಾಗ ಬಿಡಲಿಲ್ಲ. ಜಾನ್ ಮಗ ಜೇಮ್ಸ್ ಮೆಕಾರ್ಥರ್, ಅವನ ಮಗಳು ಎಲಿಜಬೆತ್ (ಅಜ್ಜಿ ಹೆಸರೇ), 1867ರಲ್ಲಿ ಆರ್ಥರ್ ಆನ್ಸ್‌ಲೋ ಅನ್ನೋ ನೌಕಾಪಡೆ ಅಧಿಕಾರಿಯನ್ನ ಮದುವೆಯಾದಳು, ಅಲ್ಲಿಂದ ಮೆಕಾರ್ಥರ್-ಆನ್ಸ್‌ಲೋ ಅಂತ ಜೋಡಿ ಹೆಸರು. ಕೆಲಸನೂ ನಿಲ್ಲಲಿಲ್ಲ. ಉಣ್ಣೆ ಆಯಿತು, ದ್ರಾಕ್ಷಿ ಆಯಿತು (1838ರಲ್ಲಿ ಜರ್ಮನಿಯಿಂದ ದ್ರಾಕ್ಷಿ ಬೆಳೆಗಾರರ ಕುಟುಂಬಗಳನ್ನೇ ಕರೆಸಿದರು), ಆಮೇಲೆ ಹಾಲು. 1952ರಲ್ಲಿ ಪಕ್ಕದ ಮೆನಾಂಗಲ್‌ನಲ್ಲಿ ರೋಟೋಲ್ಯಾಕ್ಟರ್ ಅಂತ ತಿರುಗುವ ಕಟ್ಟೆ ಮಾಡಿದರು. ಹಸುಗಳು ಜಾತ್ರೆ ತೊಟ್ಟಿಲಲ್ಲಿ ಕೂತ ಹಾಗೆ ಅದರ ಮೇಲೆ ನಿಂತು ಒಂದು ಸುತ್ತು ಬರೋಷ್ಟರಲ್ಲಿ ಹಾಲು ಕರೆದು ಮುಗೀತಿತ್ತು. ಜನ ನೋಡೋಕೆ ಬಸ್ಸಿನಲ್ಲಿ ಬರುತ್ತಿದ್ದರು. 1970ರ ದಶಕದಲ್ಲಿ ಎಸ್ಟೇಟಿನ ದೊಡ್ಡ ಭಾಗ ಮಾರಿದಾಗ ಕೊಂಡಿದ್ದು ಸರ್ಕಾರ, ಕೃಷಿ ಸಂಶೋಧನಾ ಸಂಸ್ಥೆ ಮಾಡೋಕೆ. ಸಂಸ್ಥೆಗೆ ಎಲಿಜಬೆತ್ ಮೆಕಾರ್ಥರ್ ಹೆಸರೇ ಇಟ್ಟಿದ್ದಾರೆ, ಕೊನೆಗೂ. ಅದೇ ಸೈಟು ಮಾಡುವವರ ಕೈಗೆ ಹೋಗಿದ್ದರೆ ಬೆಲ್ಗೆನ್ನಿ ಕೊಟ್ಟಿಗೆ ಇವತ್ತು ಯಾವುದೋ ರಸ್ತೆ ಹೆಸರಾಗಿ ಉಳೀತಿತ್ತು.

ನಮ್ಮಲ್ಲೂ ಉಳಿದ ಉದಾಹರಣೆ ಇದೆ. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಡದ ಗ್ಯಾರಿಸನ್ ಸ್ಮಶಾನ, ಅಂದರೆ ಬ್ರಿಟಿಷ್ ಸೈನ್ಯದವರ ಸ್ಮಶಾನ, ಪೊದೆ ಬೆಳೆದು ಮುಚ್ಚಿಹೋಗಿತ್ತು. ಅಲ್ಲಿ ಹೂತಿರೋ ಸ್ವಿಸ್ ಡಿ ಮ್ಯೂರನ್ ರೆಜಿಮೆಂಟಿನ ವಂಶದವರು ಮುಂದೆ ಬಂದು ದುರಸ್ತಿಗೆ ನೆರವಾದರು. ಅಂದರೆ ಕೇಳೋ ವಂಶದವರೊಬ್ಬರು ಇದ್ದರು, ಉಳೀತು.

ಚಳ್ಳಕೆರೆ ಕಂಬಳಿ

ಕೇಳೋರು ಇಲ್ಲದ ವೀರಗಲ್ಲು ನಮ್ಮ ಹೊಲದಲ್ಲಿ ಎರಡಿವೆ. ದನ ಮೈ ಉಜ್ಜಿ ಉಜ್ಜಿ ಮುಖ ಸವೆದಿದೆ. ಯಾವನೋ ಊರ ದನ ಕಾಯೋಕೆ ಹೋಗಿ ಸತ್ತವನು, ಕೆಳಗಿನ ಪಟ್ಟಿಯಲ್ಲಿ ದನ ಕೆತ್ತಿದ್ದಾರೆ, ಅದಕ್ಕೆ ಕೊಂಬಿದೆ 🙂 ಯುಗಾದಿಗೆ ನಾವು ಸುಣ್ಣ ಬಳೀತೀವಿ.

ಪ್ಯಾರಮಟ್ಟ ಪುಟ್ಟಿ

ಅಣ್ಣಾ ಸುಣ್ಣ ಬೇಡ!! ಅಕ್ಷರ ಮುಚ್ಚಿಹೋಗುತ್ತೆ. ನೀರಲ್ಲಿ ಮೆತ್ತಗೆ ತೊಳೆದು, ಬೆಳಿಗ್ಗೆ ಬಿಸಿಲು ಓರೆಯಾಗಿ ಬೀಳುವಾಗ ಒಂದು ಫೋಟೋ ತೆಗೆದು ಇಲ್ಲಿ ಹಾಕಿ.

ಗುಂಟೆ ಲೆಕ್ಕ

@ತಿಪಟೂರು ಟು ಓರನ್ ಪಾರ್ಕ್ ನಿಮ್ಮ ಹಳೇ ಸರ್ವೆ ನಂಬರ್ ಗೊತ್ತಿದ್ದರೆ ಖಾಸಗಿಯಾಗಿ ಕಳಿಸಿ. ಸೈಟಿನ ನಕ್ಷೆಯಲ್ಲಿ ಪಾರ್ಕ್ ಅಂತ ಎಲ್ಲಿ ಬಿಟ್ಟಿದ್ದಾರೆ ನೋಡೋಣ. ಸಮಾಧಿ ಇದ್ದ ಕಡೆ ಸೈಟು ಮಾಡೋಕೆ ಹೆದರಿ ಪಾರ್ಕಿಗೆ ಬಿಡೋದು ನಾನು ಎರಡು ಮೂರು ಕಡೆ ನೋಡಿದ್ದೀನಿ. ಖಾತ್ರಿ ಏನಲ್ಲ.

ತಿಪಟೂರು ಟು ಓರನ್ ಪಾರ್ಕ್

ಕಳಿಸಿದೆ ಸರ್. ಅಪ್ಪನ್ನ ಕೇಳಿದೆ, ಸರ್ವೆ ನಂಬರು, ಹಿಸ್ಸಾ, ನಾಲ್ಕೂ ದಿಕ್ಕಿನ ಚಕ್ಕುಬಂದಿ, ಹೊಂಗೆ ಮರದಿಂದ ಎಷ್ಟು ಹೆಜ್ಜೆ ಅನ್ನೋದು ಎಲ್ಲಾ ಬಾಯಿಪಾಠ ಹೇಳಿದರು. ಹೆಜ್ಜೆ ಅಂದರೆ ಅವರ ಹೆಜ್ಜೆನಾ ಅಜ್ಜನ ಹೆಜ್ಜೆನಾ ಅಂತ ಕೇಳಿದ್ದಕ್ಕೆ ಈಗ ಹಾಲ್‌ನಲ್ಲಿ ನಡೆದು ತೋರಿಸ್ತಾ ಇದ್ದಾರೆ. ಟೇಪು ಹಿಡೀಬೇಕು, ಆಮೇಲೆ ಬರ್ತೀನಿ.